ಕಾಲಬುಡದ ಕಡಲು

ಹೊಳೆ ಅಡ್ಡಕ್ಕೆ ಹರಿಯುತ್ತದೆ ಎಂದು ನಕಾಶೆ ಹೇಳಿದರೆ ನಾನು ನಂಬುವವಳಾಗಿರಲಿಲ್ಲ. ಕಾಗಾಲದ ನಮ್ಮ ಜಗಲಿಯಲ್ಲಿ ಕೂತರೆ ಮೂಡಣದಲ್ಲಿ ಘಟ್ಟ ಕಾಣುತ್ತಿತ್ತು, ತೆಳು ನೀಲಿಯಾಗಿ, ಯಾರೋ ಇನ್ನೂ ಪೂರ್ತಿ ಬಣ್ಣ ತುಂಬಿಲ್ಲವೆಂಬಂತೆ. ಅಘನಾಶಿನಿ ಅಲ್ಲಿಂದ ಇಳಿದು ಬಂದು ನಮ್ಮ ಗದ್ದೆಗಳ ಬದಿಯಲ್ಲಿ ಅಗಲವಾಗಿ ಹರಡಿ ಕಡಲು ಸೇರುತ್ತಿತ್ತು. ನೀರೆಂದರೆ ಮೇಲಿಂದ ಕೆಳಗೆ ಬರುವಂಥದ್ದು. ಹಾಗಾಗಿ ಏಳನೆಯ ಇಯತ್ತೆಯಲ್ಲಿ ಮಾಸ್ತರರು ಜಿಲ್ಲೆಯ ನಕಾಶೆ ತೆಗೆಯಲು ಹೇಳಿದಾಗ ನಾನು ಘಟ್ಟವನ್ನು ಹಾಳೆಯ ತಲೆಗೂ ಕಡಲನ್ನು ಬುಡಕ್ಕೂ ಇಟ್ಟೆ. ಎಡತುದಿಗೆ ಕಾರವಾರ, ನಡುವೆ ಕುಮಟೆ, ಹೊನ್ನಾವರ, ಬಲತುದಿಗೆ ಭಟ್ಕಳ.

ಮಾಸ್ತರರು ಹಾಳೆ ಎತ್ತಿ ಇಡೀ ವರ್ಗಕ್ಕೆ ತೋರಿಸಿದರು. "ಇವಳ ಜಿಲ್ಲೆ ಮಲಗಿಬಿಟ್ಟದೆ, ನೋಡ್ರೋ." ಎಲ್ಲರೂ ನಕ್ಕರು. ನನಗೆ ಸೊನ್ನೆ ಸಿಕ್ಕಿತು.

ನಗುವನ್ನು ಮರೆಯಬಹುದಿತ್ತು. ಆದರೆ ಆ ವರ್ಷ, ಅರವತ್ತೊಂದೋ ಅರವತ್ತೆರಡೋ ಇರಬೇಕು, ನನಗೆ ಮುಲ್ಕಿ, ಅಂದರೆ ಏಳನೆಯ ಇಯತ್ತೆಯ ಸರಕಾರಿ ಪರೀಕ್ಷೆ. ನಕಾಶೆಯ ಪ್ರಶ್ನೆ ಅದರಲ್ಲಿ ತಪ್ಪುತ್ತಲೇ ಇರಲಿಲ್ಲ. ಮೂರು ವರ್ಷದ ಹಿಂದೆ ಅಕ್ಕ ಭೂಗೋಳದಲ್ಲೇ ನಪಾಸಾಗಿದ್ದಳು. ಎರಡನೆಯ ಸಲ ಕೂರಿಸುವ ರೂಢಿ ನಮ್ಮ ಮನೆಯಲ್ಲಿ ಇರಲಿಲ್ಲ. ಅಂದಿನಿಂದ ಅವಳು ಅಂಗಳದಲ್ಲಿ ಕೂತು ತೆಂಗಿನ ಮಡಲು ಹೆಣೆಯುತ್ತಿದ್ದಳು.

"ಪಾಸಾದ್ರೆ ಕುಮಟೆ ಹೈಸ್ಕೂಲು. ಇಲ್ದಿದ್ರೆ ಅಕ್ಕನ ಸಂಗ್ತಿಗೆ ಮಡಲು ಹೆಣಿ. ಆತಾ?" ಎಂದಿದ್ದ ಅಪ್ಪ.

ನನಗೆ ಹೈಸ್ಕೂಲು ಬೇಕಾಗಿತ್ತು. ಬಾಯಿಬಿಟ್ಟು ಹೇಳಲು ಹೆದರಿಕೆಯಾಗುವಷ್ಟು ಬೇಕಾಗಿತ್ತು.

ಪಾಠ ಹೇಳಿಕೊಟ್ಟವಳು ಅಕ್ಕನೇ. ಅಕ್ಷಾಂಶ ರೇಖಾಂಶಗಳನ್ನು ಮಡಲು ಹೆಣೆಯುತ್ತಲೇ ಹೇಳುವಳು. ಹದಿನಾಲ್ಕನೆಯ ಅಕ್ಷಾಂಶ ಭಟ್ಕಳದ ಹತ್ತಿರ ಹಾಯುತ್ತದೆ ಎಂದು ಅವಳಿಂದಲೇ ತಿಳಿದದ್ದು. ಅಪ್ಪ ಭಟ್ಕಳಕ್ಕೆ ಹೋಗಿ ಬಂದಾಗ, ಅರ್ಧ ತಮಾಷೆಗೆ ಅರ್ಧ ಆಸೆಗೆ, "ಅಲ್ಲಿ ಗೀಟು ಕಂಡ್ತಾ?" ಎಂದು ಕೇಳಿದೆ.

"ಎಂತಾ ಗೀಟು? ಹೊನ್ನಾವರದಲ್ಲಿ ಹೊಳೆ ದಾಟೂಕೇ ಅರ್ಧ ದಿನ ಹೋತು" ಎಂದ ಅಪ್ಪ.

ಆಮೇಲೆ ಎಷ್ಟೋ ದಿನ, ಕಣ್ಣು ಮುಚ್ಚಿದರೆ ಸಾಕು, ಒಂದು ಸಪೂರ ಗೀಟು ಭಟ್ಕಳದ ಹೆಂಚಿನ ಮಾಡುಗಳನ್ನು ದಾಟಿ ಕಡಲಿಗಿಳಿದು, ಒದ್ದೆಯೂ ಆಗದೆ ಅಲೆಗಳ ಮೇಲೆ ಅರಬಸ್ತಾನದವರೆಗೆ ಹೋಗುವುದು ಕಾಣುತ್ತಿತ್ತು. ನಕಾಶೆಯ ಮಾತು ತೆಗೆದರೆ ಮಾತ್ರ ಅಕ್ಕ ಬೇರೆ ಕಡೆ ನೋಡುವಳು. "ಅದೊಂದು ನಂಗೂ ಬರೂದಿಲ್ಲ. ಕೇಳ್ಬೇಡ."

ಪರೀಕ್ಷೆ ಹತ್ತಿರ ಬಂದಾಗ ಒಂದು ಸಂಜೆ ಒಣ ಎಲೆ ಗುಡಿಸಿ ತರಲು ಗುಡ್ಡಕ್ಕೆ ಹೋಗಿದ್ದೆ. ಬುಟ್ಟಿ ತುಂಬಿದ ಮೇಲೆ, ಬಿಸಿಲಿಗೆ ಕಾದು ಬೆಚ್ಚಗಿದ್ದ ಕಲ್ಲುಹಾಸಿನ ಮೇಲೆ ಬೋರಲು ಮಲಗಿದೆ. ಮುಖ ಘಟ್ಟಕ್ಕೆ, ಕಾಲು ಕಡಲಿಗೆ. ಅಕ್ಕನ ಹಳೆಯ ಪುಸ್ತಕದಿಂದ ಕಿತ್ತುಬಂದಿದ್ದ ನಕಾಶೆಯನ್ನು ಮುಂದೆ ಹಾಸಿ, ಅದರ ಮೇಲಿನ ಸಿಟ್ಟಿಗೆ ಅದನ್ನೇ ದಿಟ್ಟಿಸುತ್ತಿದ್ದೆ. ಹಿಂದಿನಿಂದ ಕಡಲಗಾಳಿ ಬಂತು. ಹಾಳೆ ಸರಕ್ಕನೆ ಕಾಲು ಸುತ್ತು ತಿರುಗಿ ಬುಟ್ಟಿಗೆ ತಾಗಿ ನಿಂತಿತು.

ಹಾಳೆಯ ಕಡಲು ನನ್ನ ಕಡೆಗೆ ಬಂದಿತ್ತು. ಘಟ್ಟ ಆಚೆಗೆ, ಎಡಗಡೆ ಕಾರವಾರ. ತಲೆ ಎತ್ತಿದರೆ ನಿಜವಾದ ಘಟ್ಟ, ತಗ್ಗಿಸಿದರೆ ಅಚ್ಚಿನ ಘಟ್ಟ. ನಡುವೆ ಹೊಳೆ ಹೊಳೆಯುತ್ತ ಕೆಳಗಿಳಿದು ಬರುತ್ತಿತ್ತು, ಮಣ್ಣಿನ ಮೇಲೋ ಕಾಗದದ ಮೇಲೋ ಆ ಹೊತ್ತಿನಲ್ಲಿ ಹೇಳುವುದು ಕಷ್ಟ. ಸೊನ್ನೆ ಸಿಕ್ಕ ನನ್ನ ನಕಾಶೆಯೇ ಅದು! ನಾನು ಏನನ್ನೂ ತಪ್ಪಾಗಿ ಬರೆದಿರಲಿಲ್ಲ. ಉತ್ತರ ದಿಕ್ಕು ಮೇಲೆ ಬರುವಂತೆ ಹಾಳೆಯನ್ನು ತಿರುಗಿಸಿ ಕೊಟ್ಟಿರಲಿಲ್ಲ, ಅಷ್ಟೇ.

ಕುಮಟೆಯಲ್ಲಿ ಪರೀಕ್ಷೆಗೆ ಕೂತಾಗ ಹಾಗೆಯೇ ಮಾಡಿದೆ. ಕಾಗದವನ್ನು ಅಡ್ಡ ಇಟ್ಟು, ಕಡಲನ್ನು ಕಾಲಬುಡಕ್ಕೆ ತಂದು, ಹೊಳೆಗಳನ್ನೆಲ್ಲ ಕೆಳಮುಖವಾಗಿ ಬಿಟ್ಟೆ. ಆಮೇಲೆ ತಿರುಗಿಸಿ ಊರುಗಳ ಹೆಸರು ಬರೆದು, ಉತ್ತರಕ್ಕೆ ಬಾಣ ಹಾಕಿದೆ. "ಎಂತದೇ ಅದು, ದೋಸೆ ಮಗುಚಿದ ಹಾಂಗೆ?" ಎಂದು ಕಾವಲಿಗಿದ್ದ ಮಾಸ್ತರರು ಗದರಿದರು. ನಾನು ಬಾಣದ ತುದಿಯನ್ನು ಇನ್ನಷ್ಟು ಚೂಪು ಮಾಡಿದೆ.

ಪಾಸಾದೆ. ಸುದ್ದಿ ಬಂದ ದಿನ ಅಂಗಳದಲ್ಲಿದ್ದ ಅಕ್ಕನ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದು ಕಾಗದದ ಮೇಲೆ ನಕಾಶೆ ಬರೆದು, ಜಂಬದಿಂದ ತಿರುಗಿಸಿ ತೋರಿಸಿದೆ. ಅಕ್ಕ ಅರ್ಧ ಹೆಣೆದ ಮಡಲು ಬಿಟ್ಟು ಒಳಗೆ ಹೋದಳು. ಪೆಟ್ಟಿಗೆಯ ತಳದಿಂದ ತನ್ನ ಹಳೆಯ ಬರೆಯುವ ಪಟ್ಟಿಯನ್ನು ತಂದು ಬಿಡಿಸಿದಳು. ಅಲ್ಲೂ ಕಡಲು ಬುಡಕ್ಕಿತ್ತು, ಘಟ್ಟ ತಲೆಗಿತ್ತು. ಮೇಲೆ ಕೆಂಪು ಶಾಯಿಯ ದೊಡ್ಡ ಕಾಟು. ಅವಳು ಪಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ನಿಧಾನವಾಗಿ ತಿರುಗಿಸಿದಳು.

"ಹಾಂಗಾರೆ ನಂದೂ ಸರಿ ಇತ್ತು" ಎಂದಳು.

ನನ್ನ ಖುಷಿಯೆಲ್ಲ ಅಲ್ಲಿಗೇ ಇಳಿದುಹೋಯಿತು. ಅತ್ತುಬಿಟ್ಟೆ. ಅಕ್ಕ ಅಳಲಿಲ್ಲ. ಜೂನಿನಲ್ಲಿ ನಾನು ಹೈಸ್ಕೂಲಿಗೆ ಹೊರಟ ಬೆಳಿಗ್ಗೆ ಅದೇ ಪಟ್ಟಿಯನ್ನು ನನ್ನ ಚೀಲಕ್ಕೆ ಹಾಕಿದಳು.

"ಹಿಂದೆ ಖಾಲಿ ಹಾಳೆ ಬೇಕಾದಷ್ಟು ಉಂಟು. ಬರಿ."