ಕಂಬಳಿಗೆ ಹೊಡೆದ ನಾಲ್ಕು ಮೊಳೆ

ಬಿ.ಎ.ಗೆ ನಾಟಕ ತಗೊಂಡಿದ್ದೇನೆ ಎಂದಾಗ ಅಪ್ಪ, ‘ನಾಟ್ಕ ಕಲಿಯಾಕೆ ಕಾಲೇಜು ಯಾಕವ್ವ? ಊರಾಗೇ ಆಡ್ತಾರಲ್ಲ’ ಎಂದಿದ್ದ. ಐಮಂಗಲದಿಂದ ಒಳಗೆ, ಕುರಿ ಕಾಯುವ ಮನೆ ನಮ್ಮದು. ಆ ಮನೆಯಲ್ಲಿ ಪಿಯುಸಿ ದಾಟಿದವಳು ನಾನೊಬ್ಬಳೇ. ಜಗಳವಾಡಿಯೇ ವಿಶ್ವವಿದ್ಯಾಲಯ ಸೇರಿದೆ. ಸೇರಿ ಮೂರು ವರ್ಷ ಪರದೆ ಎಳೆದೆ, ಲೈಟಿನ ವೈರು ಸುತ್ತಿದೆ, ಪಾತ್ರ ಮಾಡುವವರ ಸೀರೆಗೆ ಇಸ್ತ್ರಿ ಹಾಕಿದೆ. ರಂಗದ ಮೇಲೆ ನಿಂತು ಒಂದು ಮಾತೂ ಆಡಲಿಲ್ಲ. ‘ನಿನ್ನ ನಾಲಿಗೆ ಇನ್ನೂ ತಿದ್ದಬೇಕಮ್ಮ’ ಎನ್ನುತ್ತಿದ್ದರು ನಮ್ಮ ಮೇಷ್ಟ್ರು.

ಕೊನೆಯ ವರ್ಷದ ಪರೀಕ್ಷೆಯ ನಾಟಕವನ್ನು ಅವರೇ ಬರೆದರು. ಕುರಿ ಕಳೆದುಕೊಂಡ ಹೆಂಗಸೊಬ್ಬಳ ಕತೆ. ಓದಿದ ದಿನವೇ ಇದು ನನ್ನ ಪಾತ್ರ ಎಂದುಕೊಂಡೆ. ಅಷ್ಟೇ ಅಲ್ಲ, ತಡೆಯಲಾರದೆ ಅವ್ವನಿಗೆ ಫೋನು ಮಾಡಿ ‘ಪಾರ್ಟು ಸಿಕ್ತು’ ಎಂದೂ ಹೇಳಿಬಿಟ್ಟೆ.

ಪಾತ್ರ ಹೋದದ್ದು ಬೆಂಗಳೂರಿನಿಂದ ಬಂದಿದ್ದ ಸಹಪಾಠಿಗೆ. ಅವಳು ಕುರಿ ನೋಡಿದ್ದು ಬಸ್ಸಿನ ಕಿಟಕಿಯಿಂದ. ನನಗ್ಯಾಕೆ ಇಲ್ಲ ಎಂದು ಕೇಳಿದ್ದಕ್ಕೆ ಮೇಷ್ಟ್ರು ನಕ್ಕರು.

‘ನೀನು ಅದೇ ಆಗಿದ್ದೀಯಲ್ಲಮ್ಮ. ನೀನು ಮಾಡಿದರೆ ಅದು ಅಭಿನಯ ಆಗಲ್ಲ. ಅವಳಿಗೆ ನಿಮ್ಮ ಮಾತು ಕಲಿಸು, ತಲೆ ಮೇಲೆ ಕಂಬಳಿ ಕೊಪ್ಪೆ ಹಾಕೋದು ಕಲಿಸು. ಹಾಂ, ಮನೆಯಿಂದ ಒಂದು ಒಳ್ಳೆ ಕಂಬಳಿ ತರಿಸು.’

ಪೇಟೆಯ ಹುಡುಗರು ಪೇಟೆಯ ಹುಡುಗರ ಪಾತ್ರ ಮಾಡಿದಾಗ ಮಾತ್ರ ಅದು ಅಭಿನಯ ಹೇಗಾಗುತ್ತಿತ್ತು? ಕೇಳಲಿಲ್ಲ. ಅಂಕ ಅವರ ಕೈಯಲ್ಲಿತ್ತು. ಒಂದು ತಿಂಗಳು ಕಲಿಸಿದೆ. ಆ ಹುಡುಗಿ ಕೆಟ್ಟವಳಲ್ಲ, ಹೇಳಿದಂತೆ ಕಲಿತಳು. ಆದರೆ ಕುರಿ ಕಾಣದೆ ಆ ಹೆಂಗಸು ನೆಲಕ್ಕೆ ಕುಸಿದು ಅಳುವ ಜಾಗ ಬಂದಾಗ ನನಗೆ ತಡೆಯಲಾಗಲಿಲ್ಲ.

‘ನಮ್ಮ ಕಡೆ ಯಾರೂ ಹಿಂಗೆ ಅಳಲ್ಲ ಸಾರ್.’

‘ನಾಟಕ ಬರೆದದ್ದು ನಾನಾ, ನೀನಾ?’

ಪಾರ್ಟು ಹೋಯಿತೆಂದು ಅವ್ವನಿಗೆ ಹೇಳಲು ಬಾಯಿ ಬರಲಿಲ್ಲ. ಕಂಬಳಿ ಬೇಕು ಎಂದಷ್ಟೇ ಹೇಳಿದೆ. ಮಗಳ ಪಾರ್ಟಿಗೆ ಎಂದು ಅವ್ವ ಪೆಟ್ಟಿಗೆಯಲ್ಲಿದ್ದ ಕರಿ ಕಂಬಳಿಯನ್ನೇ ಕೊಟ್ಟು ಕಳಿಸಿದಳು. ಪೂಜೆಗೆ ದೇವರನ್ನು ಕೂರಿಸುವುದು ಅದರ ಮೇಲೆ. ಅಕ್ಕನ ಮದುವೆಯಲ್ಲಿ ಹೆಣ್ಣು ಗಂಡು ಕೂತದ್ದೂ ಅದರ ಮೇಲೆ. ಅದಕ್ಕೆ ಚಪ್ಪಲಿ ಕಾಲು ತಾಗಬಾರದು ಎಂದು ಮೇಷ್ಟ್ರಿಗೆ ಎರಡು ಸಲ ಹೇಳಿದ್ದೆ. ಎರಡು ಸಲವೂ ‘ಸರಿ ಸರಿ’ ಎಂದಿದ್ದರು.

ದುರ್ಗದಲ್ಲಿ ಎರಡು ದಿನದ ಪ್ರಯೋಗ. ಮೊದಲ ದಿನವೇ ಪರೀಕ್ಷೆ. ಇಸ್ತ್ರಿ ಮುಗಿಸಿ ಪಕ್ಕದ ಪರದೆಯ ಹಿಂದೆ ಬಂದು ನೋಡುತ್ತೇನೆ, ಕಂಬಳಿ ಜಾರಬಾರದೆಂದು ನಾಲ್ಕು ಮೂಲೆಗೂ ಮೊಳೆ ಹೊಡೆದು ಹಲಗೆಗೆ ಬಿಗಿದಿದ್ದಾರೆ. ಹಲಗೆಯ ಸಿಬಿರು ಚುಚ್ಚೀತೆಂದು ಆ ಹುಡುಗಿಗೆ ಚಪ್ಪಲಿ ಹಾಕಿಸಿದ್ದಾರೆ. ಅಷ್ಟರಲ್ಲಿ ಮೂರನೇ ಬೆಲ್ ಆಯಿತು.

ನನ್ನ ಪಾರ್ಟು ನೋಡಲು ಊರಿಂದ ಬಂದಿದ್ದ ಅವ್ವ ಎರಡನೇ ಸಾಲಿನಲ್ಲಿದ್ದಳು. ಮದುವೆಗೆ ಉಡುವ ಸೀರೆ ಉಟ್ಟು, ರಂಗಕ್ಕೆ ಬಂದವರ ಮುಖವನ್ನೆಲ್ಲ ನನ್ನದೇನೋ ಎಂದು ನೋಡುತ್ತಿದ್ದಳು. ಹುಡುಗಿ ಚಪ್ಪಲಿ ಕಾಲಿನಲ್ಲಿ ಕಂಬಳಿ ಮೆಟ್ಟಿದ್ದೇ ತಡ, ಅವ್ವ ಎದ್ದು ನಿಂತಳು.

‘ಏಯ್ ತಾಯಿ! ಚಪ್ಲಿ ಬಿಡು! ದೇವ್ರು ಕುಂತ್ಕಣ ಕಂಬ್ಳಿ ಅದು!’

ಜನ ಅದೂ ನಾಟಕವೇ ಎಂದುಕೊಂಡು ಚಪ್ಪಾಳೆ ತಟ್ಟಿದರು.

ನಾಟಕ ಮುಗಿದ ಮೇಲೆ ಮೇಷ್ಟ್ರು ಅವ್ವನ ಹತ್ತಿರ ಓಡಿಬಂದರು. ‘ಬಹಳ ಚೆನ್ನಾಗಾಯ್ತಮ್ಮ! ನಾಳೆನೂ ಬನ್ನಿ. ಅದೇ ಜಾಗಕ್ಕೆ ಎದ್ದು ಹಾಗೇ ಕೂಗಿ.’

‘ಅದಿರ್ಲಿ ಸಾರ್. ನಾಟ್ಕ ಮುಗ್ದೇ ಹೋತಲ್ಲ, ನನ್ ಮಗಳ ಪಾರ್ಟು ಎಲ್ಲೈತೆ?’

ಅವರು ನನ್ನ ಮುಖ ನೋಡಿದರು. ನಾನೇ ಹೇಳಿದೆ: ‘ನಂಗೆ ಪಾರ್ಟು ಕೊಟ್ಟಿಲ್ಲವ್ವ.’

ಅವ್ವ ಮೇಷ್ಟ್ರ ಕಡೆ ತಿರುಗಿದಳು. ‘ನಮ್ ಕಂಬ್ಳಿ ಬೇಕಾತು, ನನ್ ಬಾಯಿ ಬೇಕಾತು. ಇವ್ಳೊಬ್ಳು ಬ್ಯಾಡಾದ್ಲೇನ್ರಿ?’

‘ನಾಳೆ ಪಾತ್ರ ನನಗೆ ಕೊಡಿ ಸಾರ್. ಪೂರ್ತಿ ಬಾಯಿಗೆ ಬರುತ್ತೆ’ ಎಂದೆ.

‘ಪರೀಕ್ಷೆ ಮುಗೀತಲ್ಲಮ್ಮ. ರಂಗಸಜ್ಜಿಕೆಗೆ ನಿನಗೆ ಅಂಕ ಹಾಕಿದ್ದೀನಿ.’

ಲೈಟಿನ ಪೆಟ್ಟಿಗೆಯಿಂದ ಕಟಿಂಗ್ ಪ್ಲೈಯರ್ ತಂದು, ಅವರ ಕಣ್ಣೆದುರೇ ನಾಲ್ಕೂ ಮೊಳೆ ಕಿತ್ತೆ.

‘ಏಯ್, ನಾಳೆಗೆ ಏನು ಮಾಡಲಿ?’

‘ಬೆಡ್‌ಶೀಟ್ ಹಾಸ್ಕೊಳ್ಳಿ ಸಾರ್.’

ಪದವಿ ಬಂತು. ನಮ್ಮ ಮನೆಯ ಮೊದಲ ಪದವಿ. ಯಾರೂ ದಯೆ ತೋರಿ ಕೊಟ್ಟದ್ದಲ್ಲ, ಅದರ ಮೇಲೆ ನನಗೆ ಹೆಮ್ಮೆ ಇದೆ. ಆದರೆ ನಾಟಕ ಓದಿ ಪಾಸಾದ ನಾನು ಆ ವಿಭಾಗದ ರಂಗದ ಮೇಲೆ ಒಮ್ಮೆಯೂ ಬಾಯಿ ತೆರೆದವಳಲ್ಲ. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಉರಿಯಲಿ.

ಕಂಬಳಿ ಕಿತ್ತು ಊರಿಗೆ ತಂದ ಮಾರನೆಯ ಬೆಳಿಗ್ಗೆ ಅವ್ವ ಅದನ್ನು ಒಗೆದಳು. ಒಣಗಿದ ಮೇಲೆ ಕುರಿದೊಡ್ಡಿಯ ಪಕ್ಕ ಹಾಸಿ, ಅಪ್ಪನನ್ನೂ ಕರೆದು ಕೂರಿಸಿ, ‘ಈಗ ಮಾಡು, ನೋಡಾಣ’ ಎಂದಳು. ಬರಿಗಾಲಲ್ಲಿ ನಿಂತು ಶುರು ಮಾಡಿದೆ. ಅಳುವ ಜಾಗ ಬಂತು. ತಿಂಗಳಿಡೀ ನೋಡಿದ್ದೆನಲ್ಲ, ನಾನೂ ಹಾಗೇ ಕುಸಿದು ಕೂತೆ.

‘ಎದ್ದೇಳೇ!’ ಎಂದಳು ಅವ್ವ. ‘ಕುರಿ ಹೋದ್ರೆ ಯಾವಳು ಕುಂತು ಅಳ್ತಾಳೆ? ಬೈಯ್ಬೇಕು. ಹೊಡ್ಕಂಡು ಹೋದೋನು ಮೂರೂರಾಚೆ ಇದ್ರೂ ಕೇಳ್ಬೇಕು.’

ಎದ್ದೆ. ಬೈದೆ. ಗಂಟಲು ಬಿರಿಯುವ ಹಾಗೆ ಬೈದೆ. ದೊಡ್ಡಿಯಲ್ಲಿದ್ದ ಕುರಿಗಳೆಲ್ಲ ಎದ್ದು ನಿಂತವು. ನಾನು ಬೈಯುತ್ತಿದ್ದುದು ಯಾರಿಗೆ ಎಂದು ಇಬ್ಬರೂ ಕೇಳಲಿಲ್ಲ.