ಬೋರ್ಡಿನ ಮೇಲಿನ ಹೀರೇಬಳ್ಳಿ

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಎಚ್‌ಐವಿ ಇರುವವರೇ ಕೂಡಿ ಬೆಳೆಸುವ ಕೈತೋಟಕ್ಕೆ ದ್ಯಾಮಣ್ಣ ಬರೀ ಕಾವಲುಗಾರ, ಆದರೆ ಗತ್ತು ಜಿಲ್ಲಾಧಿಕಾರಿಯದು. ಮಡಿಯೊಳಗೆ ಯಾರಾದರೂ ಕಾಲಿಟ್ಟರೆ, "ಇದು ಮೆಂತೇಪಲ್ಲೆ ಐತ್ರಿ, ಬಸ್ ಸ್ಟ್ಯಾಂಡ್ ಅಲ್ಲ" ಎನ್ನುತ್ತಾನೆ. ಒಬ್ಬೊಬ್ಬರಿಗೆ ವಾರಕ್ಕೆ ಎರಡು ಸಿವುಡು, ಅಂದರೆ ಎರಡು ಕಟ್ಟು, ಪಲ್ಲೆ ಎಂದರೆ ಎರಡೇ, ಮೇಲೊಂದು ಎಲೆಯನ್ನೂ ಕೊಡುವವನಲ್ಲ. ಮಾತ್ರೆ ತಪ್ಪಿಸಿದವರಿಗೆ ಅದನ್ನೂ ಬೈದೇ ಕೊಡುತ್ತಾನೆ. ಇದು ಯಾರ ತೋಟ ಎಂದು ಓಣಿಯವರು ಕೇಳಿದರೆ ಸೋಮವಾರ "ಶುಗರ್ ಇದ್ದವರದ್ರಿ" ಎನ್ನುತ್ತಾನೆ, ಮಂಗಳವಾರ "ಮೊಣಕಾಲ ನೋವಿನವರದ್ರಿ". ಹೋದ ವರ್ಷ, ತೋಟಕ್ಕೆ ದುಡ್ಡು ಕೊಡುವ ಯೋಜನೆಯ ಸಾಹೇಬರು ಗೇಟಿನ ಪಕ್ಕದಲ್ಲಿ ಆಳೆತ್ತರದ ಬೋರ್ಡು ನೆಡಿಸಿದರು: ‘ಎಚ್‌ಐವಿ ಸೋಂಕಿತರ ಪೌಷ್ಟಿಕ ತೋಟ’. ಫೋಟೊ ಛಲೋ ಬಂತು, ಮರುವಾರದಿಂದ ಜನ ಬರಲಿಲ್ಲ. ವಾರವಾರ ಪಲ್ಲೆ ಒಯ್ಯುತ್ತಿದ್ದ ಹಳೇ ಹುಬ್ಬಳ್ಳಿಯ ಹಸೀನಾಬಿ ಗೇಟಿನ ತನಕ ಬಂದವಳು ಬೋರ್ಡು ನೋಡಿ, ಖಾಲಿ ಚೀಲ ಮಡಚಿಕೊಂಡು ಹೊಳ್ಳಿ ಹೋದಳು. ದ್ಯಾಮಣ್ಣ ಬೋರ್ಡಿನ ಬುಡಕ್ಕೆ ನಾಲ್ಕು ಹೀರೇಬೀಜ ಊರಿದ, ದಿನಾ ಎರಡು ಕೊಡ ನೀರು ಹೊಯ್ದ. ಎರಡು ತಿಂಗಳ ಮೇಲೆ ಬಂದ ಸಾಹೇಬರು, "ಬೋರ್ಡ್ ಎಲ್ಲಿ ಹೋತಪಾ?" ಎಂದರು. "ಮಣ್ಣ ಭಾಳ ಛಲೋ ಐತ್ರಿ ಸಾಹೇಬ್ರ, ಬಳ್ಳಿ ನನ್ನ ಮಾತ ಕೇಳವಲ್ದು" ಎಂದ. ಆ ವಾರವೇ ಹಸೀನಾಬಿ ಚೀಲ ಹಿಡಿದು ಬಂದಳು. "ಇಷ್ಟ ದಿನ ಎಲ್ಲಿ ಹೋಗಿದ್ರಿ?" ಎಂದು ಗದರುತ್ತಲೇ ದ್ಯಾಮಣ್ಣ ಅವಳ ಚೀಲಕ್ಕೆ ಮೂರು ಸಿವುಡು ಹಾಕಿದ.