ಬಿಸಿಲು ಕಾಣದ ಎರ್ರಿಸ್ವಾಮಣ್ಣ

ಬಳ್ಳಾರಿಯಲ್ಲಿದ್ದೂ ಬೆಣ್ಣೆಯಂತೆ ಬೆಳ್ಳಗಿದ್ದ ಮನುಷ್ಯನೆಂದರೆ ನಮ್ಮ ಟಾಕೀಸಿನ ಆಪರೇಟರ್ ಎರ್ರಿಸ್ವಾಮಣ್ಣ. ಹಗಲಲ್ಲಿ ಅವರನ್ನು ಅಪರೂಪಕ್ಕೆ ಕಂಡವರು ‘ಇವರು ಯಾವ ದೇಶದವರು?’ ಎಂದು ಕೇಳಿದ್ದುಂಟು. ಹುಟ್ಟಿದ್ದು ಕುರುಗೋಡಿನಲ್ಲೇ! ಆದರೆ ಇಪ್ಪತ್ತು ವರ್ಷ ಬಾಲ್ಕನಿ ಮೇಲಿನ ಕಿಟಕಿಯಿಲ್ಲದ ಕ್ಯಾಬಿನ್ನೇ ಅವರ ಮನೆ. ಮೆಷಿನ್ ಪಕ್ಕದ ಸ್ಟೂಲಿನ ಮೇಲೆ ಕೂತು, ಉರಿದು ಬೆಳಕು ಕೊಡುವ ಕಾರ್ಬನ್ ಕಡ್ಡಿ ಸರಿಮಾಡುವುದು, ರೀಲು ಬದಲಿಸುವುದು, ಅಲ್ಲೇ ಚಾಪೆ ಹಾಸಿ ಮಲಗುವುದು. ಇಳಿಯುವ ತಾಪತ್ರಯ ಬೇಡವೆಂದು ಮಂಡಕ್ಕಿ ವಗ್ಗಾಣಿ-ಮಿರ್ಚಿಯನ್ನೂ ಬುಟ್ಟಿಗೆ ಹಗ್ಗ ಕಟ್ಟಿ ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಮೈ ಬೆಳೆಯಿತು, ಹಿಂದೆಯೇ ಸಕ್ಕರೆ ಕಾಯಿಲೆ ಬಂತು. “ಬರ್ಲಿ ಬಿಡಲೇ, ಚಾಕ್ಕ ಬ್ಯಾರೆ ಸಕ್ಕರಿ ಹಾಕೋದು ತಪ್ತು” ಎಂದು ನಗುತ್ತಿದ್ದರು.

ಎಪ್ಪತ್ತರ ದಶಕದ ಮಾತು. ನಾನು ರೀಲು ಸಾಗಿಸುವವ. ಒಂದೇ ಪ್ರಿಂಟು ಎರಡು ಟಾಕೀಸಿನಲ್ಲಿ ಓಡಬೇಕು. ನಮ್ಮಲ್ಲಿ ಮುಗಿದ ರೀಲನ್ನು ಡಬ್ಬಿಗೆ ಹಾಕಿ, ಸೈಕಲ್ ಮೇಲೆ ಕಂಟೋನ್ಮೆಂಟಿನ ಟಾಕೀಸಿಗೆ ಮುಟ್ಟಿಸಬೇಕು. ಐದು ನಿಮಿಷ ತಡವಾದರೆ ಅಲ್ಲಿ ಪರದೆ ಬರೀ ಬಿಳಿ, ಜನರ ಸೀಟಿ, ಬೈಗುಳ. ಅಬ್ಬಾ, ಎಂಥಾ ಓಟ ಅದು!

ಒಂದು ದಿನ ಮ್ಯಾಟ್ನಿ ಮುಗಿದರೂ ಎರ್ರಿಸ್ವಾಮಣ್ಣ ಸ್ಟೂಲಿನಿಂದ ಏಳಲಿಲ್ಲ. ಏಳಲು ಆಗಲಿಲ್ಲ. ಮಾಲೀಕರು “ಕೊಬ್ಬು, ಮತ್ತೇನಲ್ಲ” ಎಂದರು. ನಾಲ್ಕು ಜನ ಹೊತ್ತು ಕೆಳಗಿಳಿಸಿ ಕೋಟೆ ಕಡೆಯ ಡಾಕ್ಟರ ಬಳಿ ಒಯ್ದೆವು. ಅವರು ಮೊಣಕಾಲ ಕೆಳಗಿನ ಎಲುಬನ್ನು ಒತ್ತಿದ್ದೇ ತಡ, ಎರ್ರಿಸ್ವಾಮಣ್ಣ ಕಿರುಚಿದರು. ಎಕ್ಸ್‌ರೇ ನೋಡಿದ ಡಾಕ್ಟರಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ.

“ಎಲುಬು ಮೆತ್ತಗಾಗ್ಯಾವ. ಮೈಯಾಗ ಡಿ ವಿಟಮಿನ್ನೇ ಇಲ್ಲ. ಬಳ್ಳಾರಿಯಾಗ ಮಂದಿ ಬಿಸಿಲು ಸಾಕಪ್ಪಾ ಸಾಕು ಅಂತಾರ, ನಿನಗ ನಾ ಬಿಸಿಲೇ ಬರಕೊಡಬೇಕಾತಲ್ಲೋ!”

“ದಿನಾ ಸೂರ್ಯನಂಥಾ ಕಾರ್ಬನ್ ಮುಂದ ಕುಂದರ್ತೀನಲ್ರಿ ಸಾಹೇಬ್ರ?”

“ಅದು ಪರದಿ ಮ್ಯಾಲೆ ಬೀಳತೈತಿ, ನಿನ್ನ ಮೈಮ್ಯಾಲಲ್ಲ. ಹಿಂಗೇ ಕುಂತ್ರ ಹಾಸಿಗಿ ಹಿಡೀತಿ ನೋಡು.”

ಸಕ್ಕರೆಗೆ ಮಾತ್ರೆ ಇದ್ದೇ ಇತ್ತು. ಅದರ ಜೊತೆಗೆ ಮೀನೆಣ್ಣೆ, ಕ್ಯಾಲ್ಸಿಯಂ ಮತ್ತು ದಿನಾ ಬಿಸಿಲು. ಎರ್ರಿಸ್ವಾಮಣ್ಣ ಟಾಕೀಸಿನ ಅಂಗಳದಲ್ಲಿ ಕುರ್ಚಿ ಹಾಕಿ ನಿಷ್ಠೆಯಿಂದ ಕೂತರು. ತುಂಬುತೋಳಿನ ಅಂಗಿ, ತಲೆಗೆ ಟವೆಲು, ಮೇಲೊಂದು ಛತ್ರಿ! ವಾರದ ಮೇಲೆ ಸಿನಿಮಾಕ್ಕೆಂದು ಬಂದ ಡಾಕ್ಟರು ಇದನ್ನು ನೋಡಿ ಛತ್ರಿಯನ್ನೇ ಕಿತ್ತುಕೊಂಡು ಹೋದರು.

ಎರಡು ತಿಂಗಳಲ್ಲಿ ನಡೆಯುವಂತಾದರು. ಕ್ಯಾಬಿನ್ನಿನ ಕಬ್ಬಿಣದ ಏಣಿ ಹತ್ತಲು ಮಾತ್ರ ಆಗಲಿಲ್ಲ. ಅಷ್ಟು ದಿನ ಮೆಷಿನ್ ನೋಡಿಕೊಂಡಿದ್ದು, ಅವರ ಕೈ ನೋಡಿ ನೋಡಿ ಕಲಿತಿದ್ದ ನಾನು. ಮಾಲೀಕರು ಅವರನ್ನು ಊರಿಗೆ ಕಳಿಸುವ ಮಾತೆತ್ತಿದರು. ಎರ್ರಿಸ್ವಾಮಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟರು. “ಲೇ ತಿಪ್ಪೇಶಿ, ನೀ ಏಣಿ ಹತ್ತು, ನಾ ಸೈಕಲ್ ಹತ್ತೀನಿ.” ಆಪರೇಟರ್ ಎಂಬ ದೊಡ್ಡಸ್ತಿಕೆಯನ್ನು ಅಷ್ಟು ಸಲೀಸಾಗಿ ಬಿಟ್ಟುಕೊಟ್ಟವರನ್ನು ನಾನು ಬೇರೆ ಕಂಡಿಲ್ಲ. ನನಗೋ ಕುಣಿಯುವಷ್ಟು ಖುಷಿ.

ಮೊದಲು ತಳ್ಳಿಕೊಂಡು, ಆಮೇಲೆ ಹತ್ತಿ, ಮಧ್ಯಾಹ್ನದ ಕೆಂಡದಂಥ ಬಿಸಿಲಲ್ಲಿ ಅವರು ರೀಲು ಸಾಗಿಸತೊಡಗಿದರು. ಮೈ ಕಂದಿತು, ಹೊಟ್ಟೆ ಇಳಿಯಿತು. ಆರೇಳು ತಿಂಗಳ ಮೇಲಿನ ಮಾತು. ಕೊನೆಯ ರೀಲು ಮುಗಿಸಿ ನಾನೂ ಇನ್ನೊಂದು ಸೈಕಲಲ್ಲಿ ಅವರ ಜೊತೆ ಹೊರಟಿದ್ದೆ. ರೈಲ್ವೆ ಗೇಟು ಬಿದ್ದಿದೆ, ಗೂಡ್ಸ್ ಗಾಡಿ ಅಡ್ಡ ನಿಂತು ಅಲುಗಾಡುತ್ತಿಲ್ಲ. ನಾನು ಕೈಕೈ ಹಿಸುಕಿಕೊಳ್ಳುತ್ತಿದ್ದರೆ, “ಸೈಕಲ್ ಹಿಡೀಲೇ!” ಎಂದವರೇ ಡಬ್ಬಿ ತಲೆಗೇರಿಸಿ ಪಕ್ಕದ ಮೇಲ್ಸೇತುವೆಯ ಮೆಟ್ಟಿಲು ಹತ್ತಿಬಿಟ್ಟರು! ಸ್ಟೂಲಿನಿಂದ ಏಳಲಾರದಿದ್ದ ಮನುಷ್ಯ! ತುದಿಯಲ್ಲಿ ನಿಂತು ಒಮ್ಮೆ ನನ್ನತ್ತ ನೋಡಿ ನಕ್ಕು, ಆ ಕಡೆ ಇಳಿದು ಓಡಿದರು. ನಾನು ಗೇಟಿನ ಬಳಿ ಹುಚ್ಚನಂತೆ ಚಪ್ಪಾಳೆ ತಟ್ಟಿದೆ.

ಡಿ ವಿಟಮಿನ್ ಕೊರತೆ, ಬೊಜ್ಜು, ಸಕ್ಕರೆ ಹಲವರಲ್ಲಿ ಜೊತೆಜೊತೆಗೇ ಕಾಣುತ್ತವೆ, ಯಾವುದು ಯಾವುದನ್ನು ಕರೆತಂದಿತೆಂದು ಹೇಳುವುದು ಕಷ್ಟ ಎಂದು ಈಗಿನ ಡಾಕ್ಟರುಗಳು ಹೇಳುತ್ತಾರೆ. ಎರ್ರಿಸ್ವಾಮಣ್ಣನ ಮಟ್ಟಿಗೆ ಮೂರಕ್ಕೂ ಬೇರು ಆ ಸ್ಟೂಲೇ. ಸಕ್ಕರೆ ಅವರನ್ನು ಪೂರ್ತಿ ಬಿಡಲಿಲ್ಲ, ಆದರೆ ಹದ್ದುಬಸ್ತಿನಲ್ಲಿತ್ತು.

ಕೆಲಸ ಬಿಟ್ಟು ಅವರು ಕುರುಗೋಡಿಗೆ ಹೋದ ಎಷ್ಟೋ ವರ್ಷಗಳ ಮೇಲೆ, ಮಾತ್ರೆ ಒಯ್ಯಲು ಬಳ್ಳಾರಿಗೆ ಬಂದವರು ಟಾಕೀಸಿಗೂ ಬಂದರು. ಕೆಳಗಿನಿಂದಲೇ ಕೂಗಿದರು. ಏಣಿಯ ಕಂಬಿ ಹಿಡಿದು ನಾನು ಒಂದೊಂದೇ ಮೆಟ್ಟಿಲು ಇಳಿದೆ. ಬೆಳ್ಳಗೆ ಊದಿದ ನನ್ನ ಮುಖವನ್ನೂ ಹೊಟ್ಟೆಯನ್ನೂ ನೋಡಿ ಅವರ ನಗು ಆರಿಹೋಯಿತು.

“ನನ್ನ ಜಾಗ ಕೊಟ್ಟೆ ಅಂದ್ಕಂಡಿದ್ದೆ. ನನ್ನ ರೋಗಾನ ಕೊಟ್ಟೆನೇನಲೇ?”

ಅವರ ಕಣ್ಣು ತುಂಬಿತ್ತು. ನನ್ನ ರಟ್ಟೆ ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋಗಿ, ಟಾಕೀಸಿನ ಸೈಕಲ್ ನನ್ನ ಕೈಗಿಟ್ಟು, ತಾವು ಹಿಂದೆ ಕ್ಯಾರಿಯರ್ ಮೇಲೆ ಕೂತರು. ಬಸ್‌ಸ್ಟ್ಯಾಂಡಿಗೆ ಬಿಡಬೇಕಂತೆ. ನಡುಮಧ್ಯಾಹ್ನ. ನಾಲ್ಕು ಮಾರು ಹೋಗುವಷ್ಟರಲ್ಲಿ ನನಗೆ ಏದುಸಿರು. ನಿಲ್ಲಿಸಲು ಅವರು ಬಿಡಬೇಕಲ್ಲ! ಬೆನ್ನಿಗೆ ಗುದ್ದುತ್ತ, ದಾರಿಯ ಜನರೆಲ್ಲ ತಿರುಗಿ ನೋಡುವಂತೆ ಕೂಗುತ್ತಿದ್ದರು: “ತುಳಿಯಲೇ, ತುಳಿ! ಅಲ್ಲಿ ಮಂದಿ ಸೀಟಿ ಹೊಡ್ಯಾಕ ಹತ್ಯಾರ, ತುಳಿ!”

ಕುರುಗೋಡಿನ ಬಸ್ಸು ಹತ್ತಿಸಿ ಬಂದೆ. ಆಮೇಲೆ ಬಂದದ್ದು ಅವರು ತೀರಿಹೋದ ಸುದ್ದಿ ಮಾತ್ರ. ಮಣ್ಣಿಗೆ ಕುರುಗೋಡಿನವರೆಗೂ ಸೈಕಲ್ ತುಳಿದುಕೊಂಡೇ ಹೋದೆ.